ಕಲಂ ಒಂಬತ್ತು ಮತ್ತು ಮಹಾರಾಣಿಯ ಗಂಡ

ರಾಣಿಯೊಬ್ಬಳು ತೀರಿಕೊಂಡು ಎಂಟುನೂರು ವರ್ಷವಾಗಿದ್ದರೂ ಅವಳ ಮೇಲೆ ಬರೆದ ಪ್ರಬಂಧವನ್ನು ಸ್ವೀಕರಿಸಬೇಕಾದರೆ ಅವಳ ಕಡೆಯ ಗಂಡಸೊಬ್ಬನ ಸಹಿ ಬೇಕು ಎಂಬುದು ನಮ್ಮ ಸಂಸ್ಥೆಯ ನಿಯಮ. ಸಂಸ್ಥೆಯ ಹೆಸರು 'ರಾಣಿಯರು, ಸಾಮ್ರಾಜ್ಞಿಯರು ಹಾಗೂ ಸಾಹಿತ್ಯ-ಧರ್ಮಗಳಲ್ಲಿನ ಸ್ತ್ರೀಯರ ಉನ್ನತ ಅಧ್ಯಯನ ಪೀಠ'. ಹೆಸರು ಉದ್ದವಾದ್ದರಿಂದ ಅರ್ಧವನ್ನು ಮುಂದಿನ ಗೋಡೆಗೂ ಉಳಿದದ್ದನ್ನು ಪಕ್ಕದ ಗೋಡೆಗೂ ಬರೆಸಲಾಗಿದೆ. ರಸ್ತೆಯಿಂದ ಬರುವವರಿಗೆ 'ರಾಣಿಯರು, ಸಾಮ್ರಾಜ್ಞಿಯರು ಹಾಗೂ' ಎಂದಷ್ಟೇ ಕಾಣುತ್ತದೆ. ಒಳಗೆ ಅವರೇ ಕೂತಿರುತ್ತಾರೆಂದುಕೊಂಡು ಕೆಲವರು ಬಂದು, ನಮ್ಮನ್ನು ನೋಡಿ ವಾಪಸ್ಸು ಹೋಗಿದ್ದಾರೆ. ನಾನು ಇಲ್ಲಿನ ದಾಖಲೆ ಗುಮಾಸ್ತ. ಈಗ ಹೇಳುವುದೆಲ್ಲ ಕಡತದಲ್ಲಿದೆ. ಕಡತದಲ್ಲಿ ಇಲ್ಲದ್ದನ್ನು ಆಮೇಲೆ ನಾನೇ ಸೇರಿಸಿದ್ದೇನೆ.

ಪೀಠ ಶುರುವಾದ ವರ್ಷ ಹೊಸ ನಮೂನೆ ರೂಪಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಪಕ್ಕದ ಮಹಿಳಾ ವಿದ್ಯಾರ್ಥಿನಿಲಯದ ಪ್ರವೇಶ ಪತ್ರವನ್ನೇ ತಂದು, 'ವಿದ್ಯಾರ್ಥಿನಿ' ಎಂದಿದ್ದಲ್ಲೆಲ್ಲ 'ರಾಣಿ' ಎಂದು ತಿದ್ದಿ ಅಚ್ಚು ಹಾಕಿಸಿದರು. ಹಾಗಾಗಿ ನಮ್ಮಲ್ಲಿ ಅಧ್ಯಯನಕ್ಕೊಳಗಾಗುವ ಪ್ರತಿಯೊಬ್ಬ ರಾಣಿಯೂ ತಾನು ಸಂಜೆ ಏಳರೊಳಗೆ ಒಳಗಿರುವುದಾಗಿಯೂ ಕೋಣೆಯಲ್ಲಿ ಒಲೆ ಹಚ್ಚುವುದಿಲ್ಲವೆಂದೂ ಮುಚ್ಚಳಿಕೆ ಬರೆದುಕೊಟ್ಟಂತಾಗುತ್ತದೆ. ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಕಲಂ ಒಂಬತ್ತು ಹೀಗಿದೆ: 'ರಾಣಿಯ ಪತಿ / ತಂದೆ / ಪೋಷಕರ ಹೆಸರು, ವಿಳಾಸ ಮತ್ತು ಸಹಿ. ಸಹಿಯನ್ನು ಸೂಪರಿಂಟೆಂಡೆಂಟರ ಎದುರಿನಲ್ಲೇ ಹಾಕತಕ್ಕದ್ದು.'

ಇದುವರೆಗೆ ಎಲ್ಲರೂ ಹೇಗೋ ಹಾಕಿಸಿಕೊಂಡು ಬಂದಿದ್ದರು. ದೇವತೆಯೊಬ್ಬಳ ಮೇಲೆ ಪ್ರಬಂಧ ಬರೆದವರು ಗುಡಿಯ ಆಡಳಿತಗಾರನನ್ನು ಪೋಷಕ ಎಂದು ಕರೆತಂದರು. ಹಳೆಯ ಕಾವ್ಯವೊಂದರ ನಾಯಕಿಗೆ, ಕವಿಯ ವಂಶದವನೊಬ್ಬ ತಂದೆಯ ಕಡೆಯವನಾಗಿ ಸಹಿ ಮಾಡಿದ. ಸಾಮ್ರಾಜ್ಞಿಯೊಬ್ಬಳ ಅರಮನೆ ಈಗ ಹೋಟೆಲ್ ಆಗಿರುವುದರಿಂದ ಅದರ ಮ್ಯಾನೇಜರೇ ಬಂದು, 'ನಮ್ಮಲ್ಲಿ ತಂಗಿದ್ದ ಅತಿಥಿ' ಎಂದು ಬರೆದು ಮೊಹರು ಒತ್ತಿಹೋದ. ಎಲ್ಲ ಸುಸೂತ್ರ.

ಎಡವಟ್ಟಾಗಿದ್ದು ಒಂದು ತಿಂಗಳ ಇಪ್ಪತ್ತಾರರಂದು. ನಮ್ಮ ಸಂಶೋಧಕಿಯೊಬ್ಬಳು ಒಂಬತ್ತು ವರ್ಷ ತಿದ್ದಿ ತೀಡಿದ ನಾನೂರ ಹನ್ನೆರಡು ಪುಟಗಳ ಪ್ರಬಂಧವನ್ನು ಎದೆಗವಚಿಕೊಂಡು ಬಂದಳು. ಹೆಸರು ನೋಂದಾಯಿಸಿದಾಗ ಅವಳಿಗೆ ಮಕ್ಕಳಿರಲಿಲ್ಲ. ಈಗ ಮಗಳು ಎರಡನೇ ಕ್ಲಾಸು, "ಅಮ್ಮಾ, ನಿನ್ನ ರಾಣಿ ಇನ್ನೂ ಮುಗೀಲಿಲ್ವಾ?" ಅಂತ ದಿನಾ ಕೇಳುತ್ತಾಳಂತೆ. ಮೂವತ್ತನೇ ತಾರೀಕು ಸಂಜೆ ಐದಕ್ಕೆ ಅವಧಿ ಮುಗಿದು ನೋಂದಣಿ ರದ್ದಾಗುತ್ತದೆ. ರದ್ದಾದರೆ ಅದೇ ರಾಣಿಯ ಮೇಲೆ ಮತ್ತೆ ಬರೆಯುವಂತಿಲ್ಲ. ಕಾಲೇಜಿನಲ್ಲಿ ಅವಳಿಗೆಂದು ಕಾದಿಟ್ಟಿದ್ದ ಅಧ್ಯಾಪಕಿಯ ಕೆಲಸವೂ ಕೈತಪ್ಪುತ್ತದೆ.

ಸೂಪರಿಂಟೆಂಡೆಂಟರು ಪ್ರಬಂಧವನ್ನು ಪಕ್ಕಕ್ಕೆ ಸರಿಸಿ ನಮೂನೆಯನ್ನು ಹತ್ತಿರಕ್ಕೆಳೆದುಕೊಂಡರು. ಅವರು ನಿವೃತ್ತಿಗೆ ಹನ್ನೊಂದು ತಿಂಗಳಿರುವ, ನಿಯಮ ಬಿಟ್ಟು ಒಂದು ಸೀನೂ ಸೀನದ ಮನುಷ್ಯ.

"ಕಲಂ ಒಂಬತ್ತು ಖಾಲಿ ಇದೆಯಲ್ಲಮ್ಮಾ?"

"ರಾಣಿಗೆ ಗಂಡ ಇರಲಿಲ್ಲ ಸರ್. ಅವಳು ಮದುವೆನೇ ಆಗಲಿಲ್ಲ, ಮೂವತ್ತೊಂದು ವರ್ಷ ಒಬ್ಬಳೇ ಆಳಿದಳು. ನನ್ನ ಪ್ರಬಂಧ ಇರೋದೇ ಅದರ ಮೇಲೆ."

"ತಂದೆ?"

"ಅವಳಿಗೆ ಆರು ವರ್ಷ ಆದಾಗ ಹೋಗಿಬಿಟ್ಟ. ಅದಕ್ಕೇ ಅಲ್ವಾ ಸರ್ ಪಟ್ಟಕ್ಕೆ ಬಂದಿದ್ದು."

"ಆರು ವರ್ಷದ ಮಗು ಅಂದ್ಮೇಲೆ ಯಾರಾದ್ರೂ ನೋಡ್ಕೊಂಡಿರಬೇಕಲ್ಲ. ಪೋಷಕ?"

"ಚಿಕ್ಕಪ್ಪ ಇದ್ದ. ನಾಲ್ಕನೇ ಅಧ್ಯಾಯದಲ್ಲಿ ಅವಳೇ ಅವನನ್ನ ಸೆರೆಮನೆಗೆ ಹಾಕಿಸಿದಳು."

"ಬಿಡುಗಡೆ ಯಾವಾಗ?"

"ಆಗಲಿಲ್ಲ ಸರ್."

"ಛೆ," ಎಂದರು ಸೂಪರಿಂಟೆಂಡೆಂಟರು, ನಿಜವಾಗಿಯೂ ನೊಂದುಕೊಂಡು. "ಇನ್ನೊಂದು ಸ್ವಲ್ಪ ಹೊಂದ್ಕೊಂಡು ಹೋಗಬಹುದಿತ್ತು."

ಅರಮನೆ ಇದ್ದ ಜಾಗದಲ್ಲಿ ಈಗ ಬಸ್ ನಿಲ್ದಾಣವಿದೆ. ಸಂಶೋಧಕಿ ಅವತ್ತೇ ಮಧ್ಯಾಹ್ನ ಹೋಗಿ ಅಲ್ಲಿನ ನಿಲ್ದಾಣಾಧಿಕಾರಿಯನ್ನು ಬೇಡಿಕೊಂಡಳು, ಕಾಲಿಗೆ ಬೀಳುವುದೊಂದು ಬಾಕಿ. "ನೋಡಮ್ಮಾ, ನಂಗೆ ನಲವತ್ತು ಬಸ್ಸಿನ ಹೊಣೆಯೇ ಸಾಕಾಗಿದೆ, ರಾಣಿ ಬೇರೆ ಬೇಡ," ಎಂದು ಆತ ಸೀಟಿ ಊದಿಬಿಟ್ಟನಂತೆ.

ವಿಷಯ ನಿರ್ದೇಶಕರಿಗೆ ಹೋಯಿತು. ಅವರು ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಹತ್ತೊಂಬತ್ತು ಪುಸ್ತಕಗಳಿಗೆ ಮುನ್ನುಡಿ ಬರೆದವರು. ಎರಡನ್ನು ಓದಿಯೂ ಇದ್ದಾರೆ. "ಹೆಣ್ಣುಮಗಳಿಗೆ ಅನ್ಯಾಯ ಆಗೋಕೆ ನಾನು ಬಿಡಲ್ಲ," ಎಂದು ಮೇಜು ಗುದ್ದಿದರು. ನಾವೆಲ್ಲ ಕಲಂ ಒಂಬತ್ತನ್ನು ತೆಗೆಸುತ್ತಾರೆಂದುಕೊಂಡೆವು. "ಅವಳಿಗೊಂದು ಗಂಡು ಹುಡುಕೋಣ."

ಮರುದಿನ ಬೆಳಿಗ್ಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಅಂಟಿಸಿದ್ದು ನಾನೇ:

'ಈ ಮೂಲಕ ಎಲ್ಲ ವಿಭಾಗಗಳಿಗೆ ತಿಳಿಯಪಡಿಸುವುದೇನೆಂದರೆ, ಪೀಠದ ಅಧೀನದಲ್ಲಿರುವ ಮಹಾರಾಣಿಯೊಬ್ಬರಿಗೆ ವರ ಬೇಕಾಗಿರುತ್ತದೆ. ಮಹಾರಾಣಿಯವರು ಸದೃಢರು, ಎರಡು ಯುದ್ಧ ಗೆದ್ದವರು, ಸ್ವಂತ ನಾಣ್ಯ ಹೊಂದಿದವರು. ತಮ್ಮ ಸಂಶೋಧನೆಯಲ್ಲಿ ಅವಿವಾಹಿತ ಅಥವಾ ವಿಧುರ ರಾಜರಿದ್ದಲ್ಲಿ ಆಧಾರಗಳೊಂದಿಗೆ ಸಭಾಂಗಣಕ್ಕೆ ಹಾಜರಾಗತಕ್ಕದ್ದು. ಸೇನಾಪತಿಗಳನ್ನು ಪರಿಗಣಿಸಲಾಗುವುದಿಲ್ಲ.'

ಇಪ್ಪತ್ತು ವರ್ಷದಲ್ಲಿ ಪೀಠದ ಯಾವ ಸಭೆಗೂ ಅಷ್ಟು ಜನ ಸೇರಿರಲಿಲ್ಲ. ತಾಮ್ರಪಟದ ಪ್ರಾಧ್ಯಾಪಕರು ತಮ್ಮ ರಾಜನ ವಂಶಾವಳಿಯನ್ನು ಸುರುಳಿ ಸುತ್ತಿ ತಂದಿದ್ದರು.

"ನಮ್ಮೋನು ಚಿನ್ನದಂಥ ಹುಡುಗ," ಎಂದರು.

"ಮೊದಲೇ ಮದುವೆ ಏನಾದ್ರೂ...?" ಎಂದರು ನಿರ್ದೇಶಕರು.

"ಮೂರೇ ಮೂರು."

"ವಯಸ್ಸು?"

"ಅವಳಿಗಿಂತ ಇನ್ನೂರು ವರ್ಷ ಚಿಕ್ಕೋನು."

"ಹುಡುಗಿ ದೊಡ್ಡೋಳಾ? ಬೇಡಪ್ಪಾ, ಆಮೇಲೆ ಮಾತು ಬರುತ್ತೆ," ಎಂದು ಸೂಪರಿಂಟೆಂಡೆಂಟರು ಆ ಹಾಳೆ ಮಗುಚಿಟ್ಟರು.

ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದದ್ದು ಪಕ್ಕದ ರಾಜ್ಯದ ದೊರೆ. ಒಂದೇ ಕಾಲ, ಅಕ್ಕಪಕ್ಕದ ಊರು. ಮಹಾರಾಣಿ ಗೆದ್ದ ಎರಡೂ ಯುದ್ಧ ಅವನ ಮೇಲೆಯೇ. "ಅಂದ್ರೆ ಪರಿಚಯ ಇತ್ತು," ಎಂದು ನಿರ್ದೇಶಕರು ಸಂತೋಷಪಟ್ಟರು.

ಹಿಂದಿನ ಬೆಂಚಿನಿಂದ ಸಂಶೋಧಕಿ ಎದ್ದು ನಿಂತಳು. "ಸರ್, ಅವನು ಸೋತು ಓಡಿಹೋದೋನು. ಅವಳಿಗೆ ಗಂಡನೇ ಇರಲಿಲ್ಲ ಅಂತ ನಾನೂರು ಪುಟ ಬರೆದಿದ್ದೀನಿ. ನೀವು ಇಲ್ಲಿ ಕೂತ್ಕೊಂಡು ಮದುವೆ ಮಾಡಿಸ್ತಿದ್ದೀರಲ್ಲ!"

ಸೂಪರಿಂಟೆಂಡೆಂಟರು ಅವಳನ್ನು ಮಗಳಂತೆ ಸಮಾಧಾನಪಡಿಸಿದರು. "ಪ್ರಬಂಧದಲ್ಲಿ ಏನಿರುತ್ತೋ ಅದು ನಿನ್ನಿಷ್ಟ ತಾಯಿ. ನಮೂನೆಯಲ್ಲಿ ಏನಿರುತ್ತೋ ಅದು ನಮ್ಮದು. ಎರಡನ್ನೂ ಜೊತೆಗಿಟ್ಟು ಓದಿದೋರು ಇದುವರೆಗೆ ಯಾರೂ ಇಲ್ಲ."

ಸಭೆ ಚಪ್ಪಾಳೆಯೊಂದಿಗೆ ಮುಗಿಯಿತು. ದೊರೆಯ ಹೆಸರು ಬರೆದದ್ದೂ ಆಯಿತು. ಆಮೇಲೆ ಸೂಪರಿಂಟೆಂಡೆಂಟರು ತಮ್ಮ ಕುರ್ಚಿಯಲ್ಲಿ ಕೂತು, ಸಹಿಯನ್ನು ತಮ್ಮ ಎದುರಿನಲ್ಲೇ ಹಾಕಬೇಕೆಂಬುದನ್ನು ಓದಿ, ಬಾಗಿಲ ಕಡೆ ನೋಡಿದರು. ಇಪ್ಪತ್ತೆಂಟರ ಸಂಜೆಯವರೆಗೂ ನೋಡಿದರು. ದೊರೆ ಬರಲಿಲ್ಲ.

ಬದುಕಿರುವ ಗಂಡಸೇ ಬೇಕು ಎಂದು ಅದರ ಮರುದಿನ ತೀರ್ಮಾನವಾಯಿತು. ನಿರ್ದೇಶಕರು ಕನ್ನಡಕ ಒರೆಸುತ್ತಾ, ತಾವು ತಯಾರೇ, ಆದರೆ ತಮ್ಮ ಸ್ಥಾನಕ್ಕೆ ಅದು ಹೊಂದುವುದಿಲ್ಲ ಎಂದರು. ಸೂಪರಿಂಟೆಂಡೆಂಟರು ನಿವೃತ್ತಿ ಹತ್ತಿರವಿರುವಾಗ ಹೊಸ ಸಂಸಾರ ಬೇಡವೆಂದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

"ಮಹಾರಾಣಿಯವರ ಕಡತ ಒಂಬತ್ತು ವರ್ಷದಿಂದ ಯಾರ ವಶದಲ್ಲಿದೆ?" ಎಂದರು ಸೂಪರಿಂಟೆಂಡೆಂಟರು.

"ನನ್ನ ವಶದಲ್ಲೇ ಸರ್. ಕಬ್ಬಿಣದ ಬೀರುವಿನ ಮೂರನೇ ಅರೆ."

"ಮಳೆಗಾಲದಲ್ಲಿ ಸೋರಿದಾಗ ಯಾರು ಎತ್ತಿಟ್ಟಿದ್ದು? ಗೆದ್ದಲು ಹತ್ತಿದಾಗ ಯಾರು ಔಷಧಿ ಹೊಡೆದಿದ್ದು?"

"ನಾನೇ."

"ಇಷ್ಟು ಮಾಡೋ ಗಂಡಂದಿರು ಈಗ ಎಲ್ಲಿದ್ದಾರೆ?" ಎಂದರು ನಿರ್ದೇಶಕರು, ಗದ್ಗದಿತರಾಗಿ.

ನನಗೆ ಮೊದಲೇ ಮದುವೆಯಾಗಿರುವುದರಿಂದ ಹೆಂಡತಿಯ ನಿರಾಕ್ಷೇಪಣಾ ಪತ್ರ ಬೇಕೆಂದು ಟಿಪ್ಪಣಿ ಹಾಕಿದರು. ನನ್ನ ಹೆಂಡತಿಗೆ ಹೊಲಿಗೆ ಅಂಗಡಿ ಇದೆ. ನಾನು ಹೋದಾಗ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು.

"ಯಾರಂತೆ ಹುಡುಗಿ?"

"ಮಹಾರಾಣಿ. ತೀರಿಕೊಂಡು ಎಂಟುನೂರು ವರ್ಷ ಆಯ್ತು."

"ಅದಕ್ಕೇ ಒಪ್ಪಿದಾಳೆ. ಏನೇನು ಮಾಡಿದ್ಲು?"

"ಎರಡು ಯುದ್ಧ ಗೆದ್ದಳು, ದೊಡ್ಡ ಕೆರೆ ಕಟ್ಟಿಸಿದಳು, ಮೂವತ್ತೊಂದು ವರ್ಷ ಒಬ್ಬಳೇ ರಾಜ್ಯ ಆಳಿದಳು."

ಅವಳು ಕತ್ತರಿ ಕೆಳಗಿಟ್ಟಳು. "ಇಷ್ಟೆಲ್ಲ ಮಾಡಿದೋಳ ಹಣೇಲಿ ಕೊನೆಗೆ ನೀವಾ ಬರೆದಿದ್ದು? ಕೊಡಿ ಇಲ್ಲಿ." ಸಹಿ ಹಾಕಿ, ಕಾಗದವನ್ನು ತಕ್ಷಣ ಕೊಡದೆ ಹಿಡಿದುಕೊಂಡಳು. "ರೀ, ಆ ಹುಡುಗಿ ಒಂಬತ್ತು ವರ್ಷ ಕಣ್ಣು ಕಳ್ಕೊಂಡು ಬರೆದಿದಾಳೆ. ನಿಮ್ಮ ತಮಾಷೆಗೆ ಅವಳ ಕೆಲಸ ಹಾಳಾದ್ರೆ ಮನೆಗೆ ಬರಬೇಡಿ. ಅರಮನೆಗೇ ಹೋಗಿ."

ಮೂವತ್ತನೇ ತಾರೀಕು, ಐದಕ್ಕೆ ಹತ್ತು ನಿಮಿಷ ಇರುವಾಗ, ದೊರೆಯ ಹೆಸರಿಗೆ ಅಡ್ಡಗೆರೆ ಎಳೆದು ನನ್ನದನ್ನು ಬರೆದು ಸಹಿ ಹಾಕಿದೆ. ಸೂಪರಿಂಟೆಂಡೆಂಟರು ಶುಭಾಶಯ ಹೇಳಿದರು. ಸಂಶೋಧಕಿ ಮಾತ್ರ ನನ್ನ ಹಿಂದೆಯೇ ಬೀರುವಿನ ತನಕ ಬಂದಳು.

"ಅಣ್ಣಾ, ಸಹಿ ಮಾಡಿದ್ರಿ, ಉಪಕಾರ ಆಯ್ತು. ಆದ್ರೆ ಪರೀಕ್ಷಕರು ಈ ಕಾಗದ ನೋಡಿದ್ರೆ ನನ್ನ ಪ್ರಬಂಧ ಸುಳ್ಳಾಗುತ್ತೆ."

"ಯಾರೂ ನೋಡಲ್ಲ ಕಣಮ್ಮಾ," ಎಂದೆ.

ನೋಡಿದರು. ಮೂವರು ಪರೀಕ್ಷಕರು ಹೊರಗಿನಿಂದ ಬಂದಿದ್ದರು. ನಾನೂರ ಹನ್ನೆರಡು ಪುಟಗಳ ನಡುವೆ ಆ ಒಂದೇ ಹಾಳೆಯನ್ನು ಮೂವರೂ ಪೂರ್ತಿ ಓದಿದ್ದರು. ಮೌಖಿಕ ಪರೀಕ್ಷೆಯ ದಿನ ನಾನು ನೀರಿನ ಹೂಜಿ ಇಡುವ ನೆಪದಲ್ಲಿ ಒಳಗೇ ಇದ್ದೆ.

ಹಿರಿಯ ಪರೀಕ್ಷಕರು ಕೇಳಿದರು: "ಮಹಾರಾಣಿ ಒಬ್ಬಳೇ ಆಳಿದಳು ಅಂತೀರಿ. ಆಧಾರ?"

ಅವಳು ಹನ್ನೊಂದು ಶಾಸನ, ಎರಡು ಬಗೆಯ ನಾಣ್ಯ, ವ್ಯಾಪಾರಿಗಳ ಪತ್ರ, ಕೆರೆಯ ಏರಿಯ ಕಲ್ಲು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಮೂವರೂ ತಲೆಯಾಡಿಸುತ್ತಾ ಕೇಳಿದರು.

"ಅದೆಲ್ಲ ಸರಿ. ಕಲಂ ಒಂಬತ್ತರಲ್ಲಿ ಪತಿ ಇದ್ದಾರೆ. ಇದೇ ಕಟ್ಟಡದಲ್ಲಿ ಕೆಲಸ ಮಾಡ್ತಾರೆ. ಒಂಬತ್ತು ವರ್ಷದಲ್ಲಿ ಅವರನ್ನ ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ವಾ ನಿಮಗೆ? ಇದು ಗಂಭೀರ ಲೋಪ. ಅವಳೊಬ್ಬಳೇ ಆಳಲಿಲ್ಲ ಅಂತ ಅವರು ಅಂದ್ರೆ ಪದವಿ ಕೊಡೋಕಾಗಲ್ಲ."

ಸಂಶೋಧಕಿ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಒಂಬತ್ತು ವರ್ಷ ಇತ್ತು. ನಾನು ಹೂಜಿ ಕೆಳಗಿಟ್ಟೆ.

"ನೀವೇನಾ ಪತಿ?"

"ಸಹಿ ನಂದೇ ಸ್ವಾಮಿ."

"ನಿಜ ಹೇಳಿ. ರಾಜ್ಯ ಆಳಿದ್ದು ಅವಳೊಬ್ಬಳೇನಾ? ಹಿಂದಿನಿಂದ ನೀವು ಹೇಳಿಕೊಡ್ತಿದ್ರಾ?"

ನಾನು ಬದುಕಿನಲ್ಲಿ ನಿಜ ಹೇಳಿದ ಸಂದರ್ಭಗಳು ಕಡಿಮೆ. ಇದು ಅವುಗಳಲ್ಲಿ ಒಂದು. "ಸ್ವಾಮಿ, ಮೂವತ್ತೊಂದು ವರ್ಷದಲ್ಲಿ ಅವಳು ನನ್ನನ್ನ ಒಂದು ಮಾತೂ ಕೇಳಲಿಲ್ಲ. ಯುದ್ಧಕ್ಕೆ ಹೋಗುವಾಗ ಹೇಳಿ ಹೋಗಲಿಲ್ಲ, ಗೆದ್ದು ಬಂದಾಗ ಬಂದೆ ಅನ್ನಲಿಲ್ಲ. ಕೆರೆ ಕಟ್ಟಿಸಿದ್ದು ನಂಗೆ ಈ ಪ್ರಬಂಧ ಓದಿದ ಮೇಲೇ ಗೊತ್ತಾಗಿದ್ದು. ನಾನೊಬ್ಬ ಇದ್ದೀನಿ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ."

ಹಿರಿಯ ಪರೀಕ್ಷಕರು ಕನ್ನಡಕ ತೆಗೆದರು. ಎರಡನೆಯವರು ಕಿಟಕಿಯ ಕಡೆ ನೋಡುತ್ತಿದ್ದರು. ಮೂರನೆಯವರು ಕರವಸ್ತ್ರ ಹುಡುಕಿದರು. ಮೂವರಿಗೂ ಮದುವೆಯಾಗಿ ಬಹಳ ವರ್ಷವಾಗಿತ್ತು.

"ಸಾಕು," ಎಂದರು ಹಿರಿಯರು. "ಶಾಸನ ಸುಳ್ಳು ಹೇಳಬಹುದು. ಈ ದನಿ ಸುಳ್ಳು ಹೇಳಲ್ಲ. ಒಬ್ಬಳೇ ಆಳಿದ್ದಾಳೆ. ಪ್ರಬಂಧ ಸ್ವೀಕೃತ."

ಪದವಿ ಬಂತು, ಕಾಲೇಜಿನ ಕೆಲಸವೂ ಬಂತು. ಪುಸ್ತಕವೂ ಅಚ್ಚಾಯಿತು, ಇಪ್ಪತ್ತನೇ ಮುನ್ನುಡಿ ನಿರ್ದೇಶಕರದ್ದು. ಅದರಲ್ಲಿ 'ಮಹಾರಾಣಿಯ ಸ್ವತಂತ್ರ ಆಳ್ವಿಕೆ ಈಗ ಆಕೆಯ ಪತಿಯಿಂದಲೇ ದೃಢಪಟ್ಟಿದೆ' ಎಂಬ ವಾಕ್ಯವಿದೆ. ಸಂಶೋಧಕಿ ಅದನ್ನು ತೆಗೆಸಲು ಎರಡು ತಿಂಗಳು ಓಡಾಡಿದಳು. ಆಮೇಲೆ ನಗಲು ಶುರುಮಾಡಿದಳು. ಈಗ ತರಗತಿಯಲ್ಲಿ ಅದನ್ನು ಓದಿ ಹೇಳುತ್ತಾಳಂತೆ. ಮಕ್ಕಳು ಬರೆದುಕೊಳ್ಳುತ್ತಾರಂತೆ.

ಕಲಂ ಒಂಬತ್ತಕ್ಕೆ ತಿದ್ದುಪಡಿಯೂ ಆಗಿದೆ: 'ಯಾವುದೇ ರಾಣಿಯು ಒಬ್ಬಳೇ ಆಳಿದಳೆಂದು ಪ್ರತಿಪಾದಿಸುವಲ್ಲಿ, ಆ ಬಗ್ಗೆ ಆಕೆಯ ಪತಿಯ ದೃಢೀಕರಣವನ್ನು ಲಗತ್ತಿಸತಕ್ಕದ್ದು. ಪತಿ ಇಲ್ಲದ ರಾಣಿಯರಿಗೆ ಪೀಠವೇ ಒದಗಿಸುವುದು.' ಸದ್ಯ ನನ್ನ ವಶದಲ್ಲಿ ಏಳು ರಾಣಿಯರು, ಇಬ್ಬರು ಸಾಮ್ರಾಜ್ಞಿಯರು, ಮದುವೆ ಬೇಡವೆಂದು ಅರಮನೆ ಬಿಟ್ಟುಹೋದ ಒಬ್ಬ ಸಂತಕವಯಿತ್ರಿ ಇದ್ದಾರೆ. ದೃಢೀಕರಣಗಳನ್ನು ಮಂಗಳವಾರ ಮತ್ತು ಶುಕ್ರವಾರ, ಹನ್ನೊಂದರಿಂದ ಒಂದರವರೆಗೆ ನೀಡಲಾಗುತ್ತದೆ. ನಾನು ರಜೆಯಲ್ಲಿದ್ದ ದಿನ ಪೀಠದ ಜೀಪಿನ ಚಾಲಕರು ಪ್ರಭಾರದಲ್ಲಿರುತ್ತಾರೆ. ಇದುವರೆಗೆ ರಾಣಿಯರ ಕಡೆಯಿಂದ ಯಾವ ದೂರೂ ಬಂದಿಲ್ಲ.