ಆರು ಸೆಕೆಂಡಿನ ಸೌಜನ್ಯ

ಮಾನ್ಯ ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ಸಭ್ಯ ಭಾಷಾ ಸಮಿತಿ,
ಮುದ್ರಣಾಲಯದ ಮೂರನೇ ಮಹಡಿ, ಅವರ ಸನ್ನಿಧಿಗೆ

ಮಾನ್ಯರೇ,

ನೆಲಮಹಡಿಯ ಕಟಿಂಗ್ ವಿಭಾಗದಿಂದ, ಕಾಗದದ ಧೂಳು ಮೆತ್ತಿದ ಎರಡೂ ಕೈ ಜೋಡಿಸಿ, ತಮ್ಮ ಮಹಡಿಯ ದಿಕ್ಕಿಗೆ ತಲೆಯೆತ್ತಿ ಮಾಡುವ ಸಾಷ್ಟಾಂಗಕ್ಕೆ ಸಮನಾದ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೊಠಡಿಯಲ್ಲಿ ಹರಿತವಾದದ್ದು ಏನೂ ಇಲ್ಲವಾದ್ದರಿಂದ ನಂಬದಿರಲು ಕಾರಣವೂ ಇಲ್ಲ. ಇಪ್ಪತ್ತಾರು ವರ್ಷಗಳಿಂದ ಇಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿರುವ, ದನಿಯ ದೆಸೆಯಿಂದ ಎಲ್ಲರ ಬಾಯಲ್ಲೂ 'ಗರಗಸ' ಎನಿಸಿಕೊಂಡಿರುವ ನಾನು, ತಾವು ಕಳುಹಿಸಿದ ಕ್ಷಮಾಪಣೆಯ ನಮೂನೆಯನ್ನು ಸಹಿ ಹಾಕದೆ ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಸೋಮವಾರದೊಳಗೆ ಸಹಿ ಬೀಳದಿದ್ದರೆ 'ತಮ್ಮನ್ನು ಕರ್ತವ್ಯದ ಹೊರೆಯಿಂದ ತಾತ್ಕಾಲಿಕವಾಗಿ ಹಗುರಗೊಳಿಸಲಾಗುವುದು' ಎಂದು ಬರೆದಿದ್ದೀರಿ. ಅದರ ಅರ್ಥ ಅಮಾನತು ಎಂದು ತಿಳಿಯಲು ನನಗೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು. ಅನ್ನವನ್ನು ಇಷ್ಟು ನಯವಾಗಿ ಕಿತ್ತುಕೊಳ್ಳುವ ಕಲೆ ನಮ್ಮಂಥ ಒರಟರಿಗೆ ಎಲ್ಲಿ ಬರಬೇಕು! ವಿಷಯ ಎಲ್ಲರಿಗೂ ಸೇರಿದ್ದಾದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಕ್ಯಾಂಟೀನಿನ ಬಾಗಿಲಿಗೂ ಅಂಟಿಸಿದ್ದೇನೆ.

ನಡೆದದ್ದು ಇಷ್ಟು. ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಯಂತ್ರದಲ್ಲಿ ಕತ್ತರಿಸುತ್ತಿದ್ದದ್ದು ತಮ್ಮದೇ 'ಸಭ್ಯ ನುಡಿ ಕೈಪಿಡಿ'ಯ ಮೂರು ಸಾವಿರ ಪ್ರತಿಗಳು. ಮಧ್ಯಾಹ್ನದ ಬಿಡುಗಡೆ ಸಮಾರಂಭಕ್ಕೆ ತಲುಪಬೇಕೆಂದು ಮೇಲಿನಿಂದ ಫೋನಿನ ಮೇಲೆ ಫೋನು. ಕೊನೆಗೆ ಫೋನು ಸಾಲದೆಂದು ತಮ್ಮ ಸದಸ್ಯರೊಬ್ಬರೇ ಇಳಿದು ಬಂದು ಕಂಬದ ಪಕ್ಕ ನಿಂತರು. ಕಾಗದ ಮಡಿಸುವ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದು, ಕಟಿಂಗ್ ಕಲಿಯಲೆಂದು ನನ್ನ ಬಳಿಗೆ ಬಂದಿರುವ, ಇಬ್ಬರು ಮಕ್ಕಳ ತಾಯಿ, ನಾವೆಲ್ಲ 'ತಂಗಿ' ಎಂದೇ ಕರೆಯುವ ಹೆಂಗಸು ಯಂತ್ರದ ಮುಂದಿದ್ದಳು. ನಾನು ಐದಾರು ಮಾರು ದೂರದಲ್ಲಿ ಕಟ್ಟುಗಳನ್ನು ಜೋಡಿಸುತ್ತಿದ್ದೆ. ಅಲಗಿನ ಕೆಳಗೆ ಒಂದು ಚೂರು ಕಾಗದ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಅವಳು ಬಲಗೈ ಒಳಗಿಟ್ಟಳು. ಅದೇ ಹೊತ್ತಿಗೆ, ಯಾರೂ ಗುಂಡಿ ಒತ್ತದಿದ್ದರೂ, ಅಲಗು ಇಳಿಯುವ ಮುಂಚೆ ಯಂತ್ರದ ಹೊಟ್ಟೆಯಲ್ಲಿ ಆಗುವ 'ಕಟಕ್' ಸದ್ದು ನನ್ನ ಕಿವಿಗೆ ಬಿತ್ತು. ನಾನು "ಏಯ್ ಕತ್ತೆ, ತೆಗಿಯೇ ಕೈ!" ಎಂದು ಗಂಟಲು ಹರಿದುಕೊಂಡೆ. ಅವಳು ಬೆಚ್ಚಿಬಿದ್ದು ಕೈ ಎಳೆದುಕೊಂಡಳು. ಅಲಗು ಇಳಿದು ಆ ಕಾಗದದ ಚೂರನ್ನು ಸರಿಯಾಗಿ ಎರಡು ಹೋಳು ಮಾಡಿತು.

ನಾನು ಅಲ್ಲೇ ಕಟ್ಟಿನ ಮೇಲೆ ಕುಳಿತುಬಿಟ್ಟೆ. ತಂಗಿ ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ತಮ್ಮ ಸದಸ್ಯರು ಬರೆಯುತ್ತಿದ್ದರು. ಅವರ ವರದಿಯ ಪ್ರಕಾರ ನಾನು ಆ ಒಂದು ಕ್ಷಣದಲ್ಲಿ ಮಾಡಿದ ಅಪರಾಧಗಳು ಮೂರು: ಸಹೋದ್ಯೋಗಿಯನ್ನು ಪ್ರಾಣಿಗೆ ಹೋಲಿಸಿದ್ದು, ಮಹಿಳೆಯನ್ನು ಏಕವಚನದಲ್ಲಿ ಕರೆದದ್ದು, ಅನುಮತಿಸಿದ ಮಟ್ಟಕ್ಕಿಂತ ಏರುದನಿಯಲ್ಲಿ ಮಾತನಾಡಿದ್ದು. ಎರಡು ಪುಟದ ಆ ವರದಿಯಲ್ಲಿ ಅಲಗಿನ ಬಗ್ಗೆ ಒಂದಕ್ಷರವಿಲ್ಲ. ಅಲಗು ಯಾರಿಗೂ ಏನೂ ಅನ್ನಲಿಲ್ಲವಲ್ಲ, ಹಾಗಾಗಿ ಅದರ ನಡತೆ ನಿರ್ದೋಷವೆಂದು ಪರಿಗಣಿಸಿರಬೇಕು.

ಇಂಥ ಸಂದರ್ಭದಲ್ಲಿ ಏನು ಹೇಳಬೇಕೆಂಬುದನ್ನೂ ತಾವು ದಯವಿಟ್ಟು ಬರೆದು ಕಳುಹಿಸಿದ್ದೀರಿ: "ಗೌರವಾನ್ವಿತ ಸಹೋದ್ಯೋಗಿಗಳೇ, ತಮ್ಮ ಕೈ ಈಗ ಇರುವ ಸ್ಥಾನದ ಕುರಿತು ತಾವೊಮ್ಮೆ ಮರುಪರಿಶೀಲನೆ ನಡೆಸಿದರೆ ಒಳಿತೆಂಬುದು ನನ್ನ ವಿನಮ್ರ ಅನಿಸಿಕೆ." ಎಂಥ ವಾಕ್ಯ! ನಾನದನ್ನು ಬಾಯಿಪಾಠ ಮಾಡಿ, ಬೈಂಡಿಂಗ್ ಮೇಸ್ತ್ರಿಯ ಕೈಗೆ ಗಡಿಯಾರ ಕೊಟ್ಟು ಹತ್ತು ಸಲ ಹೇಳಿ ನೋಡಿದೆ. ಉಸಿರು ಕಟ್ಟಿ ಓಡಿಸಿದರೂ ಆರು ಸೆಕೆಂಡು ಬೇಕು. ಅಲಗು ಇಳಿಯಲು ಬೇಕಾದದ್ದು ಒಂದೇ ಸೆಕೆಂಡು. 'ಗೌರವಾನ್ವಿತ' ಮುಗಿಯುವಷ್ಟರಲ್ಲಿ ಬೆರಳುಗಳು ಆಚೆ, ಸಹೋದ್ಯೋಗಿಗಳು ಈಚೆ. ಆದ್ದರಿಂದ ಸಮಿತಿಯು ತನ್ನ ಅಧಿಕಾರ ಬಳಸಿ ಅಲಗಿಗೊಂದು ನೋಟೀಸು ಜಾರಿಮಾಡಿ, ಇನ್ನು ಮುಂದೆ ಯಾರಾದರೂ ಬಾಯಿ ತೆರೆದ ಕೂಡಲೇ ಅದು ಗಾಳಿಯಲ್ಲೇ ನಿಂತು, ವಾಕ್ಯ ಪೂರ್ಣವಿರಾಮ ಮುಟ್ಟುವವರೆಗೆ ಕಾದು, ನಂತರ ಅಪ್ಪಣೆ ಪಡೆದು ಇಳಿಯತಕ್ಕದ್ದೆಂದು ಆದೇಶಿಸಬೇಕಾಗಿ ಪ್ರಾರ್ಥಿಸುತ್ತೇನೆ. ಅಲಗು ಒಪ್ಪದಿದ್ದರೆ, ತುಂಡಾದ ಬೆರಳು ಮರಳಿ ಚಿಗುರುವಂತೆ ಸುತ್ತೋಲೆ ಹೊರಡಿಸಿದರೂ ಸಾಕು.

ಅಭ್ಯಾಸಬಲವಿಲ್ಲದೆ ಭಾಷೆ ಸುಧಾರಿಸದೆಂದು ಕೈಪಿಡಿಯ ಮುನ್ನುಡಿಯಲ್ಲಿ ಇರುವುದರಿಂದ ಮನೆಯಲ್ಲೂ ಪ್ರಯತ್ನಪಟ್ಟೆ. ಹಾಲು ಉಕ್ಕುವುದನ್ನು ಕಂಡು, "ಮಾನ್ಯ ಗೃಹಿಣಿಯವರೇ, ಒಲೆಯ ಮೇಲಿನ ಪಾತ್ರೆಯ ಪರಿಸ್ಥಿತಿಯನ್ನು ತಾವು ಗಮನಿಸಿದರೆ..." ಎಂದು ಶುರುಮಾಡಿದೆ. ನನ್ನ ಹೆಂಡತಿ ಹಾಲು ಬಿಟ್ಟು ನನ್ನ ಹಣೆ ಮುಟ್ಟಿ, "ಏನ್ರೀ, ಜ್ವರ ಗಿರ ಬಂದಿದ್ಯಾ?" ಎಂದಳು. ಹಾಲೆಲ್ಲ ಒಲೆಯ ಪಾಲಾಯಿತು. ಆಮೇಲೆ ಅವಳು ನನಗೆ ಅಂದ ಮಾತುಗಳು ತಮ್ಮ ಕೈಪಿಡಿಯ ಯಾವ ಪುಟದಲ್ಲೂ ಹಿಡಿಸುವುದಿಲ್ಲ.

ಈಗ ಮುಖ್ಯ ವಿಷಯ. ನಮ್ಮ ಯಂತ್ರಕ್ಕೊಂದು ಕಾವಲು ಕಣ್ಣಿದೆ. ಅಲಗಿನ ಕೆಳಗೆ ಕೈ ಹೋದರೆ ಅದರ ಬೆಳಕಿನ ಗೆರೆ ತುಂಡಾಗಿ ಯಂತ್ರ ತಾನೇ ನಿಲ್ಲಬೇಕು. ಆ ಕಣ್ಣು ಕುರುಡಾಗಿ ನಾಲ್ಕು ತಿಂಗಳಾಯಿತು, ಅಲಗು ಆಗೊಮ್ಮೆ ಈಗೊಮ್ಮೆ ತಾನಾಗಿಯೇ ಇಳಿಯತೊಡಗಿ ಎರಡು ತಿಂಗಳು. ಯಂತ್ರದ ದಿನಚರಿ ಪುಸ್ತಕದಲ್ಲಿ 'ಕಾವಲು ಕಣ್ಣು ಕೆಟ್ಟಿದೆ' ಎಂದು ನಾನು ಮೂರು ಸಲ ಬರೆದೆ. ಮೊದಲ ಸಲ ಉತ್ತರವೇ ಇಲ್ಲ. ಎರಡನೇ ಸಲ ಪುಸ್ತಕ ತಮ್ಮ ಸಮಿತಿಗೆ ಹೋಗಿ, 'ಕೆಟ್ಟಿದೆ' ಎಂಬ ಪದ ಋಣಾತ್ಮಕ ಎಂಬ ಷರಾದೊಂದಿಗೆ ಹಿಂದಿರುಗಿತು. ಮೂರನೇ ಸಲ ತಾವೇ ಕೃಪೆಯಿಟ್ಟು ಹಸಿರು ಶಾಯಿಯಲ್ಲಿ ತಿದ್ದಿದಿರಿ: 'ಕಾವಲು ಕಣ್ಣಿನಲ್ಲಿ ಉನ್ನತೀಕರಣಕ್ಕೆ ಅವಕಾಶವಿದೆ.' ರಿಪೇರಿ ವಿಭಾಗದವರು ಅದನ್ನೋದಿ, ಅವಕಾಶ ತಾನೇ, ಅವಸರವೇನಿಲ್ಲ ಎಂದು ಮುಂದಿನ ವರ್ಷದ ಪಟ್ಟಿಗೆ ಸೇರಿಸಿದರು. ಅವರ ತಪ್ಪೇನು? ಯಾರ ಮನಸ್ಸಿಗೂ ನೋವಾಗದಂತೆ ಬರೆದ ಮಾತು ಯಾರಿಗೂ ತಾಗಲಿಲ್ಲ, ಅಷ್ಟೇ. ಹಾಗಿದ್ದ ಮೇಲೆ ನೀನೇಕೆ ಯಂತ್ರ ನಡೆಸಿದೆ ಎಂದು ತಾವು ಕೇಳಬಹುದು. ಕೇಳಬೇಕು. ಫೋನಿಗೆ ಹೆದರಿ ನಡೆಸಿದೆ. ಅದು ನನ್ನ ತಪ್ಪು. ಆದರೆ ಈ ತಪ್ಪಿಗೆ ತಮ್ಮ ನಮೂನೆಯಲ್ಲಿ ಕಾಲಮ್ಮೇ ಇಲ್ಲ.

ಒರಟು ಮಾತಿನ ಪರವಾಗಿ ನಾನು ಧ್ವಜ ಹಿಡಿದಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಬೈಂಡಿಂಗ್ ಮೇಸ್ತ್ರಿಗೆ ಮಾತು ತೊದಲುತ್ತದೆ. ಹದಿನೆಂಟು ವರ್ಷದ ಹಿಂದೆ ಅವನಿಗೆ 'ರಿಪೀಟು' ಎಂದು ಹೆಸರಿಟ್ಟವನು ನಾನೇ. ಇಡೀ ಮುದ್ರಣಾಲಯ ನಕ್ಕಿತು, ಅವನೂ ನಕ್ಕ, ಅವನು ನಕ್ಕದ್ದರಿಂದ ನೋವಾಗಿಲ್ಲವೆಂದು ನಾವೆಲ್ಲ ಸೇರಿ ತೀರ್ಮಾನಿಸಿದೆವು. ತಮ್ಮ ಸಮಿತಿ ರಚನೆಯಾದ ದಿನ ನನಗೆ ಮೊದಲು ನೆನಪಾದದ್ದು ಅವನು. ನಿಜವಾಗಿ ನಾಚಿಕೆಯಾಯಿತು, ಒಳ್ಳೆಯ ಕೆಲಸ ಶುರುವಾಯಿತೆಂದು ಸಂತೋಷವೂ ಆಯಿತು. ತಾವು ಅವನನ್ನು ಕರೆಸಿದಿರಿ. ಹೇಳಿಕೆಗೆ ಎರಡು ನಿಮಿಷವೆಂದು ನಿಯಮ. ಎರಡು ನಿಮಿಷದಲ್ಲಿ ಅವನು ಮೊದಲ ಮಾತಿನ ಅರ್ಧ ದಾಟಿದ್ದ. ತಾವು 'ಹೇಳಿಕೆ ಇಲ್ಲ' ಎಂದು ಬರೆದುಕೊಂಡು ಧನ್ಯವಾದ ಹೇಳಿ ಕಳುಹಿಸಿದಿರಿ. ಅವನು ಇಳಿದು ಬಂದಾಗ ನಾನೇ ಹೋಗಿ ಕ್ಯಾಂಟೀನಿನಲ್ಲಿ ಅವನೆದುರು ಕುಳಿತು ತಪ್ಪಾಯಿತೆಂದೆ. ಅವನು ಹೇಳಿ ಮುಗಿಸುವವರೆಗೂ ಕೇಳಿದೆ. ಇಪ್ಪತ್ತು ನಿಮಿಷವಾಯಿತು. ಅವನು ಹೇಳಿದ್ದರಲ್ಲಿ ನನಗೆ ಹಿತವಾದದ್ದು ಒಂದೂ ಇರಲಿಲ್ಲ, ಸುಳ್ಳೂ ಒಂದಿರಲಿಲ್ಲ.

ಇನ್ನು ವಾಕ್ ಸ್ವಾತಂತ್ರ್ಯಕ್ಕೆ ತಾವು ತೋರುವ ಅಕ್ಕರೆಯನ್ನು ಹೊಗಳದಿದ್ದರೆ ನಾಲಿಗೆಗೆ ಹುಳು ಬಿದ್ದೀತು. ಪ್ರತಿ ಶುಕ್ರವಾರ ಮೂರು ಗಂಟೆಯಿಂದ ಮೂರೂಕಾಲರವರೆಗೆ ಯಂತ್ರಗಳ ಹಾಲಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದೆಂದು ಹಲಗೆ ಹಾಕಿಸಿದ್ದೀರಿ. ಉತ್ಪಾದನೆ ಕುಂಠಿತವಾಗಬಾರದೆಂದು ಆ ಹೊತ್ತಿನಲ್ಲಿ ಹನ್ನೊಂದು ಯಂತ್ರಗಳನ್ನೂ ಓಡಿಸುತ್ತೀರಿ. ಹೋದ ಶುಕ್ರವಾರ ನಾನು ಆ ಹದಿನೈದು ನಿಮಿಷವೂ ಕಣ್ಣು ಕೆಟ್ಟಿದೆ, ಕಣ್ಣು ಕೆಟ್ಟಿದೆ ಎಂದು ಕೂಗಿದೆ. ಎದುರಿಗಿದ್ದ ತಮ್ಮ ಸದಸ್ಯರು ನಗುಮುಖದಿಂದ ತಲೆಯಾಡಿಸಿ, ನನ್ನ ಹೆಸರಿನ ಮುಂದೆ 'ಅಭಿವ್ಯಕ್ತಿ ಪೂರ್ಣ' ಎಂದು ಗುರುತು ಹಾಕಿದರು.

ಕಡೆಯದಾಗಿ ನನ್ನ ನಿರ್ಧಾರ. ನಮೂನೆಯ ಎರಡನೇ ಭಾಗದಲ್ಲಿ, ದಿನಚರಿಯ 'ಕೆಟ್ಟಿದೆ' ಎಂಬ ಪದವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದಿದೆ. ಹಿಂತೆಗೆದುಕೊಳ್ಳುವುದಿಲ್ಲ. ಅದನ್ನು ಅಳಿಸಿದರೆ ನಾಳೆ ಯಾರದಾದರೂ ಕೈ ಹೋದಾಗ, ಪುಸ್ತಕದ ಪ್ರಕಾರ ಯಂತ್ರ ಸರಿಯಾಗಿಯೇ ಇತ್ತು, ಕೈಯೇ ತಪ್ಪಾದ ಜಾಗದಲ್ಲಿತ್ತು ಎಂದಾಗುತ್ತದೆ. ಹಾಗಾಗಿ ಯಂತ್ರ ನಿಲ್ಲಿಸಿದ್ದೇನೆ, ಅದರ ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲಿದೆ. ಕಾವಲು ಕಣ್ಣು ರಿಪೇರಿಯಾಗಿ, ಕೈಯಿಟ್ಟರೆ ಅಲಗು ನಿಲ್ಲುತ್ತದೆಂದು ತಮ್ಮಲ್ಲೊಬ್ಬರು ತಮ್ಮ ಸ್ವಂತ ಕೈಯಿಟ್ಟು ತೋರಿಸಿದ ಮರುಗಳಿಗೆಯೇ ಅದನ್ನು ಒಪ್ಪಿಸುತ್ತೇನೆ. ಅಲ್ಲಿಯವರೆಗೆ ತಾವು ನನ್ನನ್ನು ಎಷ್ಟು ಬೇಕಾದರೂ ಹಗುರಗೊಳಿಸಬಹುದು.

ಒರಟುತನದಲ್ಲೂ ವಿನಯ ತಪ್ಪದ,
ತಮ್ಮ ವಿಶ್ವಾಸಿ,
ಗರಗಸ
ಕಟಿಂಗ್ ವಿಭಾಗ, ನೆಲಮಹಡಿ

ತಾಜಾಕಲಮು: ನನ್ನ ಮೇಲಿನ ದೂರಿನ ಕೊನೆಯಲ್ಲಿ 'ನೊಂದವರ ಸಹಿ' ಎಂಬ ಜಾಗ ಇನ್ನೂ ಖಾಲಿ ಏಕಿದೆಯೆಂದು ತಾವು ತಂಗಿಗೆ ಮೂರು ಜ್ಞಾಪನಾಪತ್ರ ಕಳುಹಿಸಿದ್ದೀರಂತೆ. ವಿಳಂಬಕ್ಕೆ ಕ್ಷಮಿಸಬೇಕು, ಅವಳ ಕೈಗೆ ಬಿಡುವಿರಲಿಲ್ಲ. ನನ್ನ ಅಕ್ಷರ ತಮಗೆ ಗೊತ್ತಿರುವಂಥದ್ದೇ. ನಾನು ಹೇಳುತ್ತ ಹೋದೆ, ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಬರೆದದ್ದು ಅವಳು, ಬಲಗೈಯಲ್ಲಿ. ಎರಡು ಕಡೆ ನಾನು ಹೇಳಿದ್ದಕ್ಕಿಂತ ಖಾರವಾಗಿ ಬರೆದಿದ್ದಾಳೆಂಬ ಅನುಮಾನ ನನಗಿದೆ. ತಿದ್ದು ಎಂದು ನಾನು ಹೇಳಲಿಲ್ಲ.