ಈಗ ಕಮಾಂಡ್ ಯಾರದ್ದು?

ಚಲುವರಾಜುವಿನ ಹೆಗಲಿಗೆ ಬರಬೇಕಿದ್ದ ನಕ್ಷತ್ರವನ್ನು ವೀರಭದ್ರಯ್ಯನ ಹೆಗಲಿಗೆ ಹಾಕಿದರು.

ಇಬ್ಬರೂ ಒಂದೇ ಅಗ್ನಿಶಾಮಕ ಠಾಣೆಯವರು. ಸೇವೆಯಲ್ಲಿ ಚಲುವರಾಜು ಹಿರಿಯ. ಬಡ್ತಿಯ ಸಂದರ್ಶನದಲ್ಲಿ ದೊಡ್ಡ ಸಾಹೇಬರು ಅವನನ್ನು ಬೆಂಕಿಯ ವಿಷಯ ಏನೂ ಕೇಳಲಿಲ್ಲ.

"ನಿಮ್ಮಪ್ಪ ಏನ್ ಮಾಡ್ತಿದ್ದ?"

"ಬ್ಯಾಂಡ್‌ಸೆಟ್‌ನಲ್ಲಿ ದೊಡ್ಡ ಡ್ರಮ್ ಬಾರಿಸ್ತಿದ್ರು ಸಾರ್."

"ತಾತ?"

"ತಮಟೆ ಸಾರ್."

ಸಾಹೇಬರು ಪಕ್ಕದವರ ಮುಖ ನೋಡಿ ನಕ್ಕರು. "ನೋಡಪ್ಪಾ, ಬಡಿಯೋದು ಬೇರೆ, ಆರ್ಡರ್ ಕೊಡೋದು ಬೇರೆ. ರೇಡಿಯೋದಲ್ಲಿ ಮಾತಾಡೋನಿಗೆ ಒಂದು ಗತ್ತು ಬೇಕು. ಅದು ರಕ್ತದಲ್ಲೇ ಬರಬೇಕು."

ವೀರಭದ್ರಯ್ಯನ ರಕ್ತದಲ್ಲಿ ಅದು ಬಂದಿತ್ತಂತೆ. ಅವನು ಠಾಣೆಗೆಲ್ಲ ಮೈಸೂರುಪಾಕು ಹಂಚಿದ. ಚಲುವರಾಜು ಎರಡು ತುಂಡು ತಿಂದ. ತಿನ್ನಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಆದರೆ ತುಪ್ಪ ಚೆನ್ನಾಗಿತ್ತು.

ಅವನ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು. ಆ ವರ್ಷ ಇಲಾಖೆಯಲ್ಲಿ ಹೊಸ ಪದ್ಧತಿ ಬಂದಿತ್ತು: ಒಂದು ಬೆಂಕಿಗೆ ಒಂದೇ ದನಿ. ಮೊದಲು ಹೋಗಿ ಮುಟ್ಟಿದವನು ವಾಕಿಟಾಕಿ ಬಾಯಿಗಿಟ್ಟು "ಕಮಾಂಡ್ ನನ್ನದು" ಎನ್ನಬೇಕು. ಅಲ್ಲಿಂದ ಅವನು ಹೇಳಿದ್ದೇ ಮಾತು, ಅವನು ತೋರಿಸಿದ ಕಡೆಗೇ ನೀರು. ಮೇಲಿನವರು ಬಂದರೆ ಅವರೂ ರೇಡಿಯೋದಲ್ಲಿ ಹಾಗೆಯೇ ಹೇಳಿ ವಹಿಸಿಕೊಳ್ಳಬೇಕು. ಈ ಎರಡು ಪದಗಳನ್ನು ಚಲುವರಾಜು ಬಚ್ಚಲುಮನೆಯಲ್ಲಿ ಚೊಂಬನ್ನು ಬಾಯಿಗೆ ಹಿಡಿದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಹೊರಗಿನಿಂದ ಹೆಂಡತಿ ಕೂಗುತ್ತಿದ್ದಳು: "ಕಮಾಂಡ್ ನಿಮ್ದೇ ರೀ, ಯಾರು ಇಲ್ಲ ಅಂದ್ರು? ನಲ್ಲಿ ನಿಲ್ಲೋ ಹೊತ್ತಾಯ್ತು, ಬೇಗ ಬನ್ನಿ!"

ನಕ್ಷತ್ರ ಕೈತಪ್ಪಿದ ಮೇಲೆ ಆ ಪದಗಳು ಬಾಯಲ್ಲೇ ಉಳಿದಿದ್ದವು, ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಅಡಿಕೆ ಚೂರಿನಂತೆ.

ಒಂದು ದಿನ ಊಟದ ಹೊತ್ತಿಗೆ ಠಾಣೆಯ ಗಂಟೆ ಹೊಡೆಯಿತು. ವೀರಭದ್ರಯ್ಯ ಹೊಸ ನಕ್ಷತ್ರದೊಂದಿಗೆ ಫೋಟೊ ತೆಗೆಸಿಕೊಳ್ಳಲು ಸ್ಟುಡಿಯೋಗೆ ಹೋಗಿದ್ದ. ಠಾಣಾಧಿಕಾರಿ ಶ್ರೀನಿವಾಸಯ್ಯನವರು ಹಲ್ಲು ಕೀಳಿಸಲು ಹೋಗಿದ್ದರು. ಉಳಿದವನು ಚಲುವರಾಜು, ಅವನ ಜೊತೆ ನಾಲ್ಕೈದು ಹುಡುಗರು.

"ಬಳೇಪೇಟೆ. ಶಿವಲಿಂಗಯ್ಯನವರ ಬಳೆ ಗೋಡೌನು. ಹೊಗೆ. ಓವರ್" ಎಂದಳು ಕಂಟ್ರೋಲ್ ರೂಮಿನ ಚೂಡಾಮಣಿ. ಊರೇ ಉರಿದರೂ ಆಕೆಯ ದನಿ ಬಸ್ ಕಂಡಕ್ಟರು ಸ್ಟಾಪಿನ ಹೆಸರು ಕೂಗಿದ ಹಾಗೇ ಇರುತ್ತಿತ್ತು.

ಚಲುವರಾಜು ಹೆಲ್ಮೆಟ್ಟು ಹಾಕಿಕೊಳ್ಳುತ್ತಲೇ ಗಾಡಿ ಹತ್ತಿದ. ಆ ಕಟ್ಟಡ ಅವನಿಗೆ ಗೊತ್ತು. ಕೆಳಗೆ ಬಳೆ, ಮೇಲೆ ಅವನ ಬಾಲ್ಯದ ಗೆಳೆಯ ಶ್ರೀಧರನ ಬ್ಯಾಂಡ್‌ಸೆಟ್. ಕ್ಲಾರಿನೆಟ್ಟು, ತುತ್ತೂರಿ, ಜಾಲರಿ ಕಟ್ಟಿದ ಕೋಟು, ಎಲ್ಲದರ ನಡುವೆ ಅಪ್ಪನ ದೊಡ್ಡ ಡ್ರಮ್ಮು. ಅಪ್ಪ ಸತ್ತ ಮೇಲೆ, ಬಾರಿಸುವವರ ಹತ್ತಿರವೇ ಇರಲಿ ಎಂದು ಅವನೇ ಅದನ್ನು ಅಲ್ಲಿಟ್ಟಿದ್ದ.

ಗಾಡಿ ಬಳೇಪೇಟೆಯ ತಿರುವಿನಲ್ಲೇ ನಿಂತಿತು. ಮುಂದೆ ಕೈಗಾಡಿಗಳು ಗಂಟಲಿಗೆ ಸಿಕ್ಕ ಮುದ್ದೆಯಂತೆ ಕೂತಿದ್ದವು. ಹುಡುಗರು ಪೈಪು ಹೊತ್ತು ಓಡಿದರು. ಗೋಡೌನಿನ ಹಿಂಬದಿಯಲ್ಲಿ ಬಳೆಗಳ ನಡುವೆ ತುಂಬುವ ಒಣಹುಲ್ಲು ಹೊತ್ತಿಕೊಂಡಿತ್ತು. ಒಳಗೆ ಯಾರೂ ಸಿಕ್ಕಿಕೊಂಡಿರಲಿಲ್ಲ. ಎಲ್ಲರೂ ಹೊರಗೆ ನಿಂತು ಸಲಹೆ ಕೊಡುತ್ತಿದ್ದರು.

"ಮಣ್ಣು ಹಾಕ್ರೋ!"

"ಮಣ್ಣು ಎಲ್ಲಿದೆ ಗುರು, ಎಲ್ಲಾ ಸಿಮೆಂಟು!"

ಶ್ರೀಧರ್ ಇಸ್ತ್ರಿ ಅಂಗಡಿಯಿಂದ ಓಡಿಬಂದಿದ್ದ. ಕೈಯಲ್ಲಿ ಅವನ ಕೆಂಪು ಬ್ಯಾಂಡ್ ಕೋಟು. ಅದರ ಹೆಗಲ ಮೇಲಿದ್ದಷ್ಟು ನಕ್ಷತ್ರ ಇಡೀ ಇಲಾಖೆಯಲ್ಲಿ ಯಾರಿಗೂ ಇರಲಿಲ್ಲ.

"ಚಲುವಾ, ಸಾಯಂಕಾಲ ವಿ.ವಿ. ಪುರಂನಲ್ಲಿ ಮದುವೆ ಕಣೋ. ಸಾಮಾನೆಲ್ಲ ಮೇಲಿದೆ. ನಿಮ್ಮಪ್ಪಂದೂ ಅಲ್ಲೇ ಇದೆ."

"ಗೊತ್ತು ಬಿಡೋ. ನಾನಿದೀನಿ."

ಚಲುವರಾಜು ವಾಕಿಟಾಕಿ ಎತ್ತಿದ. ಗಂಟಲು ಸರಿಮಾಡಿಕೊಂಡ. "ಕಂಟ್ರೋಲ್, ಬಳೇಪೇಟೆಯಿಂದ ಚಲುವರಾಜು. ಕಮಾಂಡ್ ನನ್ನದು. ಓವರ್."

"ಸರಿ. ಕಮಾಂಡ್ ನಿಮ್ಮದು. ಓವರ್" ಎಂದಳು ಚೂಡಾಮಣಿ. ಅಷ್ಟೇ. ಆದರೆ ಚಲುವರಾಜುವಿಗೆ ಯಾರೋ ಶಾಲು ಹೊದಿಸಿದ ಹಾಗಾಯಿತು.

ಹಿಂದಿನ ಸಂದಿಯಲ್ಲಿ ಮೇಲಕ್ಕೆ ಮರದ ಮೆಟ್ಟಿಲು. ಬೆಂಕಿ ಮೇಲೇರುವುದಾದರೆ ಅದನ್ನು ಹಿಡಿದೇ ಏರಬೇಕು. "ಪೈಪು ಹಿಂದಕ್ಕೆ ತನ್ರೋ! ಮೊದಲು ಮೆಟ್ಟಿಲು ನೆನೆಸಿ!" ಎಂದು ಕೂಗಿದ. ಹುಡುಗರು ಸಂದಿಗೆ ನುಗ್ಗಿದರು. ನೀರು ಇನ್ನೇನು ಚಿಮ್ಮಬೇಕು, ಆಟೋ ಒಂದು ಕಿರ್ರೆಂದು ಬಂದು ನಿಂತಿತು.

ಇಳಿದವನು ವೀರಭದ್ರಯ್ಯ. ಸ್ಟುಡಿಯೋದವರು ಹಚ್ಚಿದ ಪೌಡರು ಮುಖದ ಮೇಲೆ ಹಾಗೇ ಇತ್ತು. ಬೆವರು ಅದರಲ್ಲಿ ಕಾಲುವೆ ತೋಡುತ್ತಿತ್ತು.

"ಕೊಡ್ರೀ ಇಲ್ಲಿ." ವಾಕಿಟಾಕಿ ಕಿತ್ತುಕೊಂಡ. "ಕಂಟ್ರೋಲ್, ವೀರಭದ್ರಯ್ಯ. ಕಮಾಂಡ್ ನನ್ನದು."

ಅಷ್ಟರಲ್ಲಿ ಶಿವಲಿಂಗಯ್ಯನವರು ಅವನ ತೋಳು ಹಿಡಿದುಕೊಂಡರು. "ಸ್ವಾಮೀ, ಮುಂದ್ಗಡೆ ಶೋಕೇಸು! ಫಿರೋಜಾಬಾದಿನ ಮಾಲು, ನಿನ್ನೆ ತಾನೇ ಇಳಿಸಿದ್ದು!"

"ಪೈಪು ಮುಂದಕ್ಕೆ!" ಎಂದ ವೀರಭದ್ರಯ್ಯ.

"ಸಾರ್, ಬೆಂಕಿ ಹಿಂದಿದೆ" ಎಂದ ಚಲುವರಾಜು.

"ರೇಡಿಯೋ ಎಲ್ಲಿದೆ?"

"ನಿಮ್ಮ ಕೈಲಿದೆ ಸಾರ್."

"ಮತ್ತೆ?"

ಪೈಪು ಮುಂದಕ್ಕೆ ಬಂತು. ಬೆಂಕಿಯೇ ಇಲ್ಲದ ಶೋಕೇಸಿಗೆ ಅಭಿಷೇಕವಾಯಿತು. ಬಳೆಗಳು ಗಲಗಲ ನಕ್ಕವು. ಆಗ ಶ್ರೀನಿವಾಸಯ್ಯನವರು ಸ್ಕೂಟರಿನಲ್ಲಿ ಬಂದರು. ಬಾಯಲ್ಲಿ ಹತ್ತಿ, ದವಡೆ ಪೂರಿಯಂತೆ ಉಬ್ಬಿತ್ತು. ವಾಕಿಟಾಕಿ ಹಿಡಿದು ಏನೋ ಅಂದರು.

"ಅರ್ಥ ಆಗ್ಲಿಲ್ಲ. ಈಗ ಕಮಾಂಡ್ ಯಾರದ್ದು? ಓವರ್" ಎಂದು ಕೇಳಿದಳು ಚೂಡಾಮಣಿ.

ಶ್ರೀನಿವಾಸಯ್ಯನವರು ತಮ್ಮ ಎದೆ ಮುಟ್ಟಿ ತೋರಿಸಿದರು. ರೇಡಿಯೋಗೆ ಅದು ಕಾಣಲಿಲ್ಲ. ಕೊನೆಗೆ ಹತ್ತಿ ತೆಗೆದು ಹೇಳಿ ಮತ್ತೆ ತುರುಕಿಕೊಂಡರು. ಹಾಗೇ ಆಕಾಶ ತೋರಿಸಿದರು. ಏಣಿ ಹಾಕಿ ಸೂರಿನ ಮೇಲಿಂದ ನೀರು ಬಿಡಬೇಕಂತೆ. ಪೈಪು ಏಣಿ ಹತ್ತತೊಡಗಿತು.

"ಇದೇನ್ರೀ, ಪೈಪು ಮೆರವಣಿಗೆ ಹೊರಟಿದೆಯಾ?" ಎಂದು ಎದುರಿನ ಅಂಗಡಿಯ ಜಾನಕಮ್ಮ ಕೇಳಿದರು. ಜನ ನಕ್ಕರು. ಚಲುವರಾಜುವಿಗೆ ನಗು ಬರಲಿಲ್ಲ. ಹಿಂದಿನ ಸಂದಿಯಿಂದ ಮರ ಚಿಟಿಚಿಟಿ ಅನ್ನುವುದು ಅವನಿಗೆ ಕೇಳಿಸುತ್ತಿತ್ತು.

"ಸಾರ್, ಮೆಟ್ಟಿಲಿಗೆ ಹತ್ತಿಕೊಳ್ತಿದೆ. ಪೈಪು ಇಳಿಸಿ ಸಾರ್, ನಾನು ಹಿಂದಿಂದ ಹೋಗ್ತೀನಿ."

ಶ್ರೀನಿವಾಸಯ್ಯನವರಿಗೂ ಹೌದೆನಿಸಿತು. ತಲೆಯಾಡಿಸಿದರು. ಪೈಪು ಇಳಿದು ಸಂದಿಗೆ ಹೋಯಿತು. ಚಲುವರಾಜು ಮೆಟ್ಟಿಲ ಬುಡದಲ್ಲಿ ನಿಂತ. ಕೆಳಗಿನ ಎರಡು ಮೆಟ್ಟಿಲು ಮಾತ್ರ ಉರಿಯುತ್ತಿದ್ದವು. ಮೇಲಿನ ಬಾಗಿಲು ಇನ್ನೂ ಬಾಗಿಲಾಗಿಯೇ ಇತ್ತು.

ಆಗ ರೇಡಿಯೋ ಗುಡುಗಿತು. ದೊಡ್ಡ ಸಾಹೇಬರು! ಅವರ ಜೀಪು ಚಾಮರಾಜಪೇಟೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿತ್ತು. ಅವರ ಕಣ್ಣ ಮುಂದೆ ಇದ್ದದ್ದು ಒಂದು ಲಾರಿಯ ಹಿಂಭಾಗ. ಆದರೂ ಅವರು ಹೇಳಿದರು: "ಕಮಾಂಡ್ ನನ್ನದು. ಬರೀ ಗೊಂದಲ ಮಾಡ್ತಿದೀರ. ನಾನು ಬರೋವರೆಗೂ ಯಾರೂ ಏನೂ ಮಾಡ್ಬೇಡಿ. ನೀರು ನಿಲ್ಲಿಸಿ."

ನೀರು ನಿಂತಿತು.

ಬೆಂಕಿಯ ಹತ್ತಿರ ರೇಡಿಯೋ ಇರಲಿಲ್ಲ. ಅದು ಏರತೊಡಗಿತು.

ಚಲುವರಾಜು ಖಾಲಿ ಪೈಪು ಹಿಡಿದು ನಿಂತ. ಪಂಪಿನ ಹತ್ತಿರ ಓಡಿ ತಾನೇ ತಿರುವಬಹುದಿತ್ತು. ಆದರೆ ಒಂದೇ ದನಿ, ಒಂದೇ ದನಿ ಎಂದು ಬಚ್ಚಲುಮನೆಯಲ್ಲಿ ಕಲಿತದ್ದು ಅವನನ್ನು ಗೂಟಕ್ಕೆ ಕಟ್ಟಿಹಾಕಿತ್ತು. ಶ್ರೀಧರ್ ಹಿಂದಿನಿಂದ ಅಂಗಿ ಜಗ್ಗುತ್ತಿದ್ದ. "ನೀರು ಬಿಡೋ! ಯಾಕೋ ನಿಂತೆ? ಚಲುವಾ, ನೀರು ಬಿಡೋ!"

"ಸಾಹೇಬ್ರು ಬರ್ಲಿ ಕಣೋ."

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವನಿಗೆ ನಂಬಲಾಗಲಿಲ್ಲ.

ಬಾಗಿಲು ಒಳಕ್ಕೆ ಬಿತ್ತು. ತುತ್ತೂರಿಗಳು ಠಣಠಣ ಉರುಳಿದವು. ಆಮೇಲೆ, ಎಲ್ಲ ಸದ್ದಿನ ಮೇಲೆ, ಡ್ರಮ್ಮಿನ ಚರ್ಮ ಒಡೆಯಿತು. ಢಂ! ಒಂದೇ ಪೆಟ್ಟು. ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕು, ಪಕ್ಕದವರ ಮುಖ ನೋಡಿ ಸುಮ್ಮನಾದರು. ಅಪ್ಪ ಮದುವೆ ಮೆರವಣಿಗೆಗಳನ್ನು ಮುಗಿಸುತ್ತಿದ್ದದ್ದು ಹಾಗೆಯೇ, ಒಂದೇ ಪೆಟ್ಟಿನಲ್ಲಿ. ಶ್ರೀಧರ್ ಅಂಗಿ ಬಿಟ್ಟು ಚರಂಡಿಯ ಕಲ್ಲಿನ ಮೇಲೆ ಕೂತ. ಇಸ್ತ್ರಿ ಮಾಡಿದ ಕೋಟನ್ನು ಮುದುಡದಂತೆ ತೊಡೆಯ ಮೇಲಿಟ್ಟುಕೊಂಡ.

ದೊಡ್ಡ ಸಾಹೇಬರು ಬಂದರು. ತಲೆಯೆತ್ತಿ ನೋಡಿದರು. ಮೇಲಿನ ಸೂರು ಇರಲಿಲ್ಲ. ಗಲ್ಲಿಯ ತುದಿಯಲ್ಲಿ ಟಿವಿಯವರ ವ್ಯಾನು ಕೈಗಾಡಿಗಳ ಜೊತೆ ಜಗಳವಾಡುತ್ತಿತ್ತು.

ಸಾಹೇಬರು ತಮ್ಮ ವಾಕಿಟಾಕಿ ಎತ್ತಿದರು. "ಕಂಟ್ರೋಲ್, ಕಮಾಂಡ್ ಶ್ರೀನಿವಾಸಯ್ಯನವರಿಗೆ ಒಪ್ಪಿಸಿದೀನಿ."

ಶ್ರೀನಿವಾಸಯ್ಯನವರ ಹಲ್ಲುನೋವು ಆ ಗಳಿಗೆಯಲ್ಲೇ ಉಲ್ಬಣಿಸಿತು. ಹತ್ತಿಯ ನಡುವಿನಿಂದ ಸ್ಪಷ್ಟವಾಗಿ "ವೀರಭದ್ರಯ್ಯ" ಎಂದು ವಾಕಿಟಾಕಿ ಅವನ ಕೈಗಿಟ್ಟರು. ವೀರಭದ್ರಯ್ಯ ವಾಕಿಟಾಕಿಯನ್ನು ಬಿಸಿ ಬಾಣಲೆಯಂತೆ ಹಿಡಿದು, ಸುತ್ತ ನೋಡಿ, ಅದನ್ನು ಚಲುವರಾಜುವಿನ ಜೇಬಿಗೆ ತುರುಕಿದ.

"ಈಗ ಕಮಾಂಡ್ ಯಾರದ್ದು?" ಎಂದು ಜೇಬು ಕೇಳಿತು.

ಚಲುವರಾಜು ಪಂಪು ತಿರುವಿದ. ಹಿಂದಿನ ಸಂದಿಯಿಂದಲೇ ನೀರು ಬಿಟ್ಟ. ಯಾರೂ ಬೇಡವೆನ್ನಲಿಲ್ಲ. ಜಾನಕಮ್ಮ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬೆಂಕಿ ಆರಿತು. ಇಷ್ಟೇ ಹೊತ್ತು ಸಾಕಾಗಿತ್ತಲ್ಲ ಎಂದುಕೊಂಡಾಗ ಅವನ ಕಣ್ಣಿಗೆ ಹೊಗೆ ಹೋಯಿತು.

ಮಸಿಯಾಗಿ ಹೊರಬಂದವನನ್ನು ದೊಡ್ಡ ಸಾಹೇಬರು ಪಕ್ಕಕ್ಕೆ ಕರೆದರು. ಹೆಗಲ ಮೇಲೆ ಕೈಯಿಟ್ಟರು. ಆ ಕೈ ಎಂದೂ ಆ ಹೆಗಲಿಗೆ ಬಂದದ್ದಿಲ್ಲ.

"ಚಲುವರಾಜು, ನಿನಗೆ ಅನ್ಯಾಯ ಆಗಿದೆ ಕಣಯ್ಯಾ. ನನ್ನ ಮನಸ್ಸಿಗೂ ಕೊರೀತಿತ್ತು. ಇವತ್ತು ಸರಿಮಾಡ್ತೀನಿ. ನಿನಗೆ ಬಡ್ತಿ."

ಚಲುವರಾಜುವಿಗೆ ಕಿವಿಯಲ್ಲಿ ನೀರು ಹೊಕ್ಕಿರಬೇಕು ಅನ್ನಿಸಿತು. "ಸಾರ್?"

"ಬಡ್ತಿ ಅಂದೆ. ಇವತ್ತು ಬೆಳಗ್ಗೆಯಿಂದಲೇ ಜಾರಿ. ಅಂದ್ರೆ, ಬೆಂಕಿ ಬಿದ್ದಾಗ ನೀನು ಆಗ್ಲೇ ಅಧಿಕಾರಿ. ಮೊದಲು ಬಂದೋನು ನೀನು, ಕೊನೇಲಿ ಇದ್ದೋನೂ ನೀನೇ. ನಡುವೆ ನಾವು ಸುಮ್ನೆ ಬಂದು ಹೋದ್ವಿ. ಫೈರ್‌ಮನ್ ಮೇಲೆ ತಪ್ಪು ಹಾಕಿದ್ರೆ ಅಧಿಕಾರಿಗಳು ಎಲ್ಲಿದ್ರು ಅಂತ ಟಿವಿಯವರು ಕೇಳ್ತಾರೆ, ನೋಡು."

"ಆಮೇಲೆ ಸಾರ್?"

"ಆಮೇಲೆ ಏನು, ಸಣ್ಣದೊಂದು ಸಸ್ಪೆನ್ಷನ್ನು. ಆದ್ರೆ ಅಧಿಕಾರಿಯಾಗಿ! ಮರ್ಯಾದೆ ಇರತ್ತೆ. ಒಪ್ಪಲಿಲ್ಲ ಅಂದ್ರೂ ಸಸ್ಪೆಂಡ್ ಆಗ್ತೀಯ, ಬರೀ ಫೈರ್‌ಮನ್ನಾಗಿ. ಯೋಚನೆ ಮಾಡು."

ಟಿವಿಯವರ ವ್ಯಾನು ಕೈಗಾಡಿಗಳನ್ನು ಗೆದ್ದು ಒಳಗೆ ಬರುತ್ತಿತ್ತು. ಸಾಹೇಬರು ಸುತ್ತ ನೋಡಿದರು. "ಒಂದು ನಕ್ಷತ್ರ ಕೊಡ್ರಯ್ಯಾ ಬೇಗ!" ವೀರಭದ್ರಯ್ಯ ತನ್ನ ಹೆಗಲನ್ನು ಅಂಗೈಯಿಂದ ಮುಚ್ಚಿಕೊಂಡು ಹಿಂದೆ ಸರಿದ. ಸಾಹೇಬರ ಕಣ್ಣು ಚರಂಡಿಯ ಕಲ್ಲಿನತ್ತ ಹೋಯಿತು. ಶ್ರೀಧರನ ತೊಡೆಯ ಮೇಲಿನ ಕೋಟಿನಿಂದ, ಅವನನ್ನು ಕೇಳದೆಯೇ, ಒಂದು ನಕ್ಷತ್ರವನ್ನು ಪಟ್ಟನೆ ಕಿತ್ತರು.

"ಕ್ಯಾಮೆರಾಕ್ಕೆ ಏನ್ ಗೊತ್ತಾಗತ್ತೆ? ಇದೂ ಹೊಳೆಯತ್ತೆ. ಹಾಕ್ಕೊ."

ಶ್ರೀಧರ್ ತಲೆಯೆತ್ತಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಲುವರಾಜು ನಕ್ಷತ್ರವನ್ನು ಅಂಗೈಯಲ್ಲಿ ಹಿಡಿದು ನೋಡಿದ. ಅಪ್ಪನ ಕೋಟಿನ ಮೇಲೂ ಇಂಥದ್ದೇ ಇತ್ತು. ಚಿಕ್ಕವನಿದ್ದಾಗ, ನಮ್ಮಪ್ಪ ದೊಡ್ಡ ಅಧಿಕಾರಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಅವನು ಹೋಗಿ ಅದನ್ನು ಶ್ರೀಧರನ ಕೈಗಿಟ್ಟು ಬೆರಳು ಮಡಿಸಿದ.

"ಸರಿ, ಅದು ಬೇಡ. ಬಾಯಲ್ಲಾದ್ರೂ ಹೇಳು" ಎಂದರು ಸಾಹೇಬರು. ಅವನ ಜೇಬಿನಿಂದ ವಾಕಿಟಾಕಿ ತೆಗೆದು, ಮಗುವಿಗೆ ಔಷಧಿ ಕುಡಿಸುವವರಂತೆ ಬಾಯಿಗೆ ಹಿಡಿದರು. "ಮೊದಲಿಂದ ಕೊನೇವರೆಗೂ ಕಮಾಂಡ್ ನನ್ನದು ಅಂತ ಹೇಳು. ನಿನಗೆ ಬರತ್ತಲ್ಲ ಅದು. ಗತ್ತಿಂದ ಹೇಳು."

"ಬಳೇಪೇಟೆ, ಬಳೇಪೇಟೆ" ಎಂದು ಚೂಡಾಮಣಿಯ ದನಿ ಬಂತು. "ಈಗ ಕಮಾಂಡ್ ಯಾರದ್ದು? ಓವರ್."

ಚಲುವರಾಜು ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದ.

"ಕಂಟ್ರೋಲ್, ಚಲುವರಾಜು ಮಾತಾಡ್ತಿದೀನಿ. ದೊಡ್ಡ ಸಾಹೇಬ್ರು ಪಕ್ಕದಲ್ಲೇ ನಿಂತು ನನ್ನ ಕೈಲಿ ಏನೋ ಹೇಳಿಸ್ತಿದಾರೆ. ನಾನು ಹೇಳಲ್ಲ. ಓವರ್."