ಸಿಗ್ನಲ್ ಕುಡಿಯುವ ಮಂದಿ

ರಾಚವ್ವನಿಗೆ ವಿಡಿಯೋದವರ ಬೆನ್ನು ನೋಡಿ ನೋಡಿ ಸಾಕಾಗಿತ್ತು. ಯಾವ ಮದುವೆಗೆ ಹೋದರೂ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಒಬ್ಬ ಕ್ಯಾಮೆರಾದವ ಎಮ್ಮೆಯ ಹಾಗೆ ಅಡ್ಡ ನಿಲ್ಲುತ್ತಾನೆ. ಬಂದವರು ಅವನ ಬೆನ್ನಿನ ಬೆವರಿಗೇ ಅಕ್ಕಿಕಾಳು ಹಾಕಿ ಹೋಗುತ್ತಾರೆ. ಅದಕ್ಕೇ ಮೊಮ್ಮಗಳು ಪ್ರಜ್ಞಾಳ ಮದುವೆಯ ಮುಂಜಾನೆ, ರಾಮದುರ್ಗದ ಕಲ್ಯಾಣ ಮಂಟಪದ ಬಾಗಿಲಲ್ಲೇ ವಿಡಿಯೋದ ಉಮೇರನನ್ನು ತಡೆದಳು.

“ಏ ತಮ್ಮಾ, ಸ್ಟೇಜ್ ಮ್ಯಾಲೆ ಕಾಲಿಟ್ಟಿ ಅಂದ್ರ ನೋಡು.”

“ಚಿಂತಿ ಬಿಡ್ರಿ ಅಮ್ಮಾರ. ಹೊಸಾ ಗಿಂಬಲ್ ತಂದೇನಿ. ಅದು ಅಲ್ಲಿರ್ತೈತಿ, ನಾ ಇಲ್ಲಿರ್ತೇನಿ. ರಿಮೋಟ್ ಒತ್ತಿದ್ರ ಕ್ಯಾಮೆರಾ ಹೊಸಾ ಸೊಸಿಯಂಗ ಹೇಳಿದ ಕಡೆ ಹೊಳ್ಳಿ ನೋಡ್ತೈತಿ.”

“ಹೊಸಾ ಸೊಸಿ ಎಷ್ಟ ದಿನ ಹೇಳಿದಂಗ ಕೇಳ್ತಾಳ, ನನಗ ಗೊತ್ತೈತಿ. ಇದನ್ನ ಕೇಳು. ನಮ್ಮ ಮನೋಳಿ ಊರಿನ ನಾದಿನಿ ಸುಂದರವ್ವ ಅದಾಳಲ್ಲ, ರಾಚವ್ವನ ಮಗನ ಮದುವಿಗಿ ಮಂದೀನ ಬರಲಿಲ್ಲ ಅಂತ ಇಪ್ಪತ್ತೈದ ವರ್ಷದಿಂದ ಡಂಗುರ ಹೊಡ್ಯಾಕ ಹತ್ಯಾಳ. ಈ ಸಲ ವಿಡಿಯೋದಾಗ ಒಬ್ಬೊಬ್ಬರ ಮಾರಿ ಕಾಣಬೇಕು. ಇಲ್ಲಂದ್ರ ಇವತ್ತ ನಿನ್ನ ಅಂಗಡಿ ಕೀಲಿ ನನ್ನ ಕೈಯಾಗ ಇಡು.”

ಉಮೇರನ ಫೋಟೋ ಅಂಗಡಿ ಇದ್ದದ್ದು ಬಸ್ ಸ್ಟ್ಯಾಂಡಿನ ಎದುರಿಗೆ, ರಾಚವ್ವನ ಕಟ್ಟಡದಲ್ಲಿ. ಅಂಥ ಜಾಗ ಮತ್ತೆ ಸಿಗಬೇಕಾದರೆ ಇದ್ದ ಹಲ್ಲೆಲ್ಲ ಬಿದ್ದು ಹೊಸ ಹಲ್ಲು ಬರಬೇಕು. ಆದರೂ ಅವನು ಹೆದರಲಿಲ್ಲ. ಹೆದರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ವೇದಿಕೆಯ ಪಕ್ಕ ಎತ್ತರದ ಕೋಲು ನಿಲ್ಲಿಸಿ, ತುದಿಗೆ ಗಿಂಬಲ್ ಕೂರಿಸಿದ. ಕ್ಯಾಮೆರಾ ನಡುಗದಂತೆ ಹಿಡಿದು ತಿರುಗಿಸುವ ಯಂತ್ರದ ಕೈ ಅದು. ತಾನು ಹಿಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡ. ಎಡಕ್ಕೆ ಒತ್ತಿದ, ಎಡಕ್ಕೆ ಹೊರಳಿತು. ಬಲಕ್ಕೆ ಒತ್ತಿದ, ಬಲಕ್ಕೆ ಹೊರಳಿತು. ಉಮೇರ ಚಹಾ ತರಿಸಿದ.

ಹನ್ನೊಂದಕ್ಕೆ ಮಂಟಪ ತುಂಬಿತು, ನಡುದಾರಿಯಲ್ಲೂ ಮಂದಿ ನಿಂತರು. ಗಿಂಬಲ್ ಹಟ ಹಿಡಿಯಿತು. ಎಡಕ್ಕೆ ಒತ್ತಿದರೂ ಸುಮ್ಮನೆ, ಬಲಕ್ಕೆ ಒತ್ತಿದರೂ ಸುಮ್ಮನೆ. ಆಮೇಲೆ ಒಮ್ಮೆಲೇ ತಲೆಯೆತ್ತಿ, ಮೇಲಿನ ಫ್ಯಾನನ್ನು ಗುರಾಯಿಸತೊಡಗಿತು.

ಮೊದಲು ಬಂದವನು ಮೈಕಿನ ದುಂಡಪ್ಪ. “ಸೆಲ್ ಹೋಗಿರ್ತಾವು ತಗೋ.” ಸೆಲ್ ಬದಲಾಯಿತು. ಗಿಂಬಲ್ ಬದಲಾಗಲಿಲ್ಲ. ಆಮೇಲೆ ಬಂದವರು ಲೈನ್‌ಮನ್ ಕೆಲಸದಿಂದ ನಿವೃತ್ತರಾದ ಗಂಗಯ್ಯ. “ಅರ್ಥಿಂಗ್ ಇಲ್ಲೋ ಇದಕ್ಕ!” ಎಂದು ಕೋಲಿನ ಬುಡಕ್ಕೆ ಒಂದು ತಂಬಿಗೆ ನೀರು ಸುರಿದೇಬಿಟ್ಟರು.

“ಅಜ್ಜಾ, ಅದು ಕರೆಂಟಿನ ಕಂಬ ಅಲ್ರಿ!”

“ನಲವತ್ತ ವರ್ಷ ಕಂಬ ಏರೇನಿ. ನನಗ ಹೇಳ್ತಿಯೇನ?”

ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಉಮೇರನ ಸುತ್ತ ಮಂದಿ ಮುತ್ತಿತು. ಒಬ್ಬ ರಿಮೋಟ್ ಕಸಿದುಕೊಂಡು ಅಂಗೈಗೆ ಬಡಿದ. ಇನ್ನೊಬ್ಬ ಬಾಯಿಂದ ಊದಿದ. ಮತ್ತೊಬ್ಬ ಎಲ್ಲರ ಮೊಬೈಲ್ ಬಂದ್ ಮಾಡಿಸಲು ಹೋಗಿ ಬೀಗರ ಹತ್ತಿರ ಬೈಸಿಕೊಂಡು ಬಂದ. ಅಷ್ಟರಲ್ಲಿ ಮುಹೂರ್ತವಾಯಿತು. ಆರುನೂರು ಮಂದಿ ಅಕ್ಕಿಕಾಳು ಹಿಡಿದು ಎದ್ದು ನಿಂತರು. ತಾಳಿ ಬಿತ್ತು, ಕಾಳು ಬಿತ್ತು, ಬಾಜಾ ಮೊಳಗಿತು. ಕ್ಯಾಮೆರಾ ಮಾತ್ರ ಫ್ಯಾನಿನಿಂದ ಕಣ್ಣು ಕೀಳಲಿಲ್ಲ.

ಮಂದಿ ಮತ್ತೆ ಕುಳಿತರು. ಉಮೇರ ರಿಮೋಟ್ ಮರಳಿ ಕಸಿದು ಒತ್ತಿದ, ಗಿಂಬಲ್ ತಟಕ್ಕನೆ ಹೊರಳಿತು! ನಡುವಿನ ಸಾಲಿನ ಭಾರೀ ಹೊಟ್ಟೆಯ ಶಿವಲಿಂಗ ಧೋತರ ಸರಿಮಾಡಿಕೊಳ್ಳಲು ಎದ್ದ. ಗಿಂಬಲ್ ನಿಂತಿತು. ಅವನು ಕುಳಿತ. ಹೊರಳಿತು. ಉಮೇರ ತೊಡೆ ತಟ್ಟಿದ.

“ದುಂಡಪ್ಪಣ್ಣಾ, ರೋಗ ಸಿಕ್ತು! ಮಷಿನ್ ಚಲೋ ಐತಿ, ಕೆಟ್ಟದ್ದು ಮಂದಿ. ಮನಷ್ಯಾನ ಮೈಯಾಗ ಬರೇ ನೀರು. ಆ ನೀರು ಸಿಗ್ನಲ್ ಕುಡದ ಬಿಡ್ತೈತಿ.”

“ಹಂಗಾರ ಆರ್ನೂರ ಮಂದಿ ಅಂದ್ರ ನವಿಲುತೀರ್ಥದ ಡ್ಯಾಮ್ ಆತಲ್ಲೋ!”

“ಹೂಂ. ಕುಂದ್ರು ಅಂದ್ರೂ ಒಬ್ಬರಲ್ಲ ಒಬ್ಬರು ಏಳ್ತಾರ, ಗೇಟ್ ತಗೀ. ಊಟಕ್ಕ ಕರಿ.”

ದುಂಡಪ್ಪ ಮೈಕಿನಲ್ಲಿ “ಮಾದಲಿ ತುಪ್ಪ ಬಂದೈತಿ, ಊಟಕ್ಕ ಏಳ್ರೀ” ಎಂದದ್ದೇ ತಡ, ಮಂದಿ ಕಾಲುವೆಗೆ ಬಿಟ್ಟ ನೀರಿನಂತೆ ಊಟದ ಮನೆಗೆ ನುಗ್ಗಿತು. ಉಪಚಾರ ಮಾಡಲು ರಾಚವ್ವನೂ ಬೆನ್ನು ಹತ್ತಿ ಹೋದಳು.

“ಪ್ರಜ್ಞಾ ಅಕ್ಕಾ, ಇನ್ನೊಮ್ಮಿ ಹಾರ ಹಾಕ್ರಿ! ಅಣ್ಣಾರ, ತಾಳಿ ಕಟ್ಟಿದಂಗ ಮಾಡ್ರಿ!” ಉಮೇರ ಕೂಗಿದ.

ಮದುಮಕ್ಕಳು ಎರಡನೇ ಸಲ ಮದುವೆಯಾದರು. ದುಂಡಪ್ಪನೊಬ್ಬನೇ ಕ್ಯಾಮೆರಾದ ಹಿಂದೆ ನಿಂತು ಆರುನೂರು ಮಂದಿಯ ಅಕ್ಕಿಕಾಳು ಎಸೆದ. ಗಿಂಬಲ್ ಈಗ ಹೇಳಿದ್ದಕ್ಕಿಂತ ಹೆಚ್ಚು ಕೇಳಿತು. ಒಳ್ಳೆಯ ಕೈ ಹೊಸೆದ ಶಾವಿಗೆಯಂತೆ, ಎಳೆ ತುಂಡಾಗದ ಹಾಗೆ, ವೇದಿಕೆಯಿಂದ ಬಾಗಿಲವರೆಗೂ ಹರಿದಾಡಿತು. ಅಂಗಡಿ ಉಳಿಯಿತೆಂದು ಉಮೇರ ಮಾದಲಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡ.

ಸಂಜೆ ರಾಚವ್ವನ ಪಡಸಾಲೆಯಲ್ಲಿ ವಿಡಿಯೋ ಟಿವಿಗೆ ಬಂತು. ರಾಚವ್ವ ಬೇಕೆಂದೇ ಸುಂದರವ್ವನನ್ನು ಎಲ್ಲರ ಮುಂದೆ ಕೂರಿಸಿದ್ದಳು. ಪ್ರಜ್ಞಾಳ ನಗು ಬಂತು, ಹಾರ ಬಂತು, ತಾಳಿ ಬಂತು.

“ಭೇಷ್! ಈಗ ಮಂದಿ ನೋಡವಾ ಸುಂದ್ರಾ, ಕಣ್ಣ ತುಂಬ ನೋಡು” ಎಂದಳು ರಾಚವ್ವ.

ಕ್ಯಾಮೆರಾ ಮೆಲ್ಲಗೆ ಹೊರಳಿತು. ಮೊದಲ ಸಾಲು, ಖಾಲಿ ಕುರ್ಚಿ. ಎರಡನೇ ಸಾಲು, ಖಾಲಿ ಕುರ್ಚಿ. ಆರುನೂರು ಕುರ್ಚಿಗಳಲ್ಲಿ ಒಂದನ್ನೂ ಬಿಡದೆ, ಒಂದಿಷ್ಟೂ ನಡುಗದೆ ತೋರಿಸಿತು. ಕಡೆಗೆ ಕಸ ಹೊಡೆಯುವ ಒಬ್ಬ ಹೆಂಗಸು ಕಂಡಳು. ಅವಳೂ ಆ ಕಡೆ ಮುಖ ಮಾಡಿದ್ದಳು.

ರಾಚವ್ವ ಅಂಗೈ ಚಾಚಿದಳು. ಉಮೇರ ಕೀಲಿ ಇಟ್ಟು ಎದ್ದ.

ಸುಂದರವ್ವ ಅಂಗಳದವರೆಗೂ ಅವನ ಬೆನ್ನಟ್ಟಿ ಬಂದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು.

“ನಿನ್ನ ಕೈ ಬಂಗಾರ ಆಗ್ಲಿ ಮಗನ! ಅದನ್ನ ನನ್ನ ಮೊಬೈಲಿಗಿ ಹಾಕು. ಮನೋಳಿ ತುಂಬ ತೋರಸ್ತೇನಿ.”

ಉಮೇರನಿಗೆ ಹೋದ ಜೀವ ಬಂತು. “ಹಾಕ್ತೇನ್ರಿ ಆಯಿ. ಬರೂ ತಿಂಗಳ ನಿಮ್ಮ ಮೊಮ್ಮಗ ಸಾಗರಂದು ಮದುವಿ ಐತಂತಲ್ರಿ? ವಿಡಿಯೋಕ್ಕ ನಾನ ಬರ್ಲೇನ್ರಿ?”

“ಅಯ್ಯ, ಬಾರೋ ನನ್ನಪ್ಪಾ! ಮುಂದಿನ ಸಾಲಿನ್ಯಾಗ ಕುಂದ್ರು, ಹೊಟ್ಟಿ ತುಂಬ ಉಂಡು ಹೋಗು.” ಸುಂದರವ್ವ ಅವನ ಬೆನ್ನು ಸವರಿದಳು. “ಆ ಕೋಲು ಮಾತ್ರ ರಾಮದುರ್ಗದಾಗ ಇಟ್ಟ ಬಾ.”